ಹೊಟ್ಟು ಬೀಳುವ ಕಡೆ

"ಈ ಗೆರಿ ಯಾರಪ್ಪಂದಲೇ? ನಿಮ್ಮಪ್ಪಂದೇನು?"

ಬಸವಂತರಾಯ ಸಾಹುಕಾರ ಸಾಗವಾನಿ ಹಲಗೆಯನ್ನು ಎತ್ತಿ ಧರ್ಮರಾಜನ ಮುಖಕ್ಕೆ ಹಿಡಿದ. ಹಲಗೆಯ ಉದ್ದಕ್ಕೂ ದಾರ ಎಳೆದಂತೆ ಎರಡು ಗೆರೆ ಎದ್ದಿದ್ದವು.

"ಬ್ಲೇಡಿಗೆ ಹಲ್ಲು ಬಿದ್ದಾವ್ರಿ ಸಾವ್ಕಾರ್ರಿ. ಹಳೇ ವಾಡೇದ ಕಟಗಿ ಇದು. ಒಳಗ ಮೊಳಿ ಮುರದು ಕುಂತಿರ್ತಾವ. ನೋಡಿ ಹಾಕಬೇಕು ಅಂತ ನಿನ್ನೆನೇ ಹೇಳಿದ್ನಿ."

"ನನಗ ಶಾಣ್ಯಾತನ ಹೇಳಬ್ಯಾಡ ಸೂಳಿಮಗನ. ಒಂಬತ್ತಕ್ಕ ಅಯ್ಯನೋರು ಬರ್ತಾರ. ಅಷ್ಟರಾಗ ಬ್ಲೇಡ್ ಬದಲಿ ಆಗಿರಬೇಕು."

ಆಳಂದ ಬಸ್‌ಸ್ಟ್ಯಾಂಡಿನ ಹಿಂದಿನ ಆ ಕಟ್ಟಿಗೆ ಅಡ್ಡೆಯಲ್ಲಿ, ಹಲಗೆ ಹೆರೆದು ನುಣುಪು ಮಾಡುವ ರಂಧಾ ಮಷೀನಿನ ಕಾಯಿಲೆ ಕಸಾಲೆ ಗೊತ್ತಿದ್ದವನು ಧರ್ಮರಾಜ ಒಬ್ಬನೇ. ಹಲಗೆಯ ತುದಿ ಕಚ್ಚಿದಂತೆ ಬಂದರೆ ರೋಲರಿನ ಒತ್ತು ನೋಡಬೇಕು. ಹಲಗೆ ನಡುವೆ ಹಟ ಹಿಡಿದು ನಿಂತರೆ ಮೇಜಿಗೆ ಮೇಣ ತಿಕ್ಕಬೇಕು. ಬೇರಿಂಗು ಕುಂಯ್ ಅಂದರೆ ಗ್ರೀಸು ಕೇಳುತ್ತಿದೆ ಎಂದರ್ಥ. ಹತ್ತೊಂಬತ್ತು ವರ್ಷ ಅದನ್ನು ಎಮ್ಮೆ ಸಾಕಿದಂತೆ ಸಾಕಿದ್ದ. ಎಮ್ಮೆಯಾದರೂ ಹಾಲು ಕೊಡುತ್ತದೆ, ಇದು ಅವನ ಎಡಗೈಯ ಎರಡು ಬೆರಳು ತಿಂದಿತ್ತು.

ಬೆರಳು ಹೋದ ದಿನ ಅವನು ಬ್ಲೇಡು ಬಿಚ್ಚುತ್ತಿದ್ದಾಗ ಸಾಹುಕಾರನ ಮಗ ಕಲ್ಯಾಣಕುಮಾರ ನೋಡದೆ ಬಟನ್ ಒತ್ತಿಬಿಟ್ಟಿದ್ದ. "ಮಷೀನು ಬಲಿ ಕೇಳೇದ, ಯಾರೇನು ಮಾಡೋದು" ಎಂದು ಸಾಹುಕಾರ ಒಂದು ಕುಂಬಳಕಾಯಿ ಒಡೆಸಿ ಕೈ ತೊಳೆದುಕೊಂಡಿದ್ದ. ಅಂದಿನಿಂದ ಮಷೀನು ಬಿಚ್ಚುವ ಮೊದಲು ಗೋಡೆಯ ಬೋರ್ಡಿನಿಂದ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಳ್ಳುವುದು ಧರ್ಮರಾಜ ತನಗೆ ತಾನೇ ಮಾಡಿಕೊಂಡ ಕಾಯ್ದೆ.

ಇಂದೂ ಫ್ಯೂಜು ಜೇಬಿನಲ್ಲಿತ್ತು. ಮಷೀನಿನ ಹೊಟ್ಟೆಯೊಳಗಿನ ಉರುಳೆಯಿಂದ ಮೂರು ಬ್ಲೇಡು ಬಿಚ್ಚಿದ, ಸಾಣೆ ಹಿಡಿದಿಟ್ಟಿದ್ದ ಬೇರೆ ಮೂರನ್ನು ಕೂರಿಸಿದ. ಎರಡನ್ನು ಬೋಲ್ಟು ತಿರುವುವ ಪಾನಾ ಹಾಕಿ ಬಿಗಿದ. ಮೂರನೆಯದರ ಐದು ಬೋಲ್ಟುಗಳನ್ನು ಬೆರಳಿನಿಂದಷ್ಟೇ ತಿರುವಿ, ಪಾನಾ ಎತ್ತುವಷ್ಟರಲ್ಲಿ ಹೊರಗೆ ಕಾರು ನಿಂತಿತು.

ಅಯ್ಯನವರು ಬೇಗ ಬಂದಿದ್ದರು. ಸಾಹುಕಾರ ತನ್ನ ಊರಿನಲ್ಲಿ ಕಟ್ಟಿಸುತ್ತಿದ್ದ ಗುಡಿಯ ಬಾಗಿಲಿನ ಹಲಗೆಗೆ ರಂಧಾ ಹೊಡೆಯಲು ಇಂದು ಮುಹೂರ್ತ.

"ಹಲಗಿ ಕೊಯ್ದಾಂವ ಯಾಂವ?" ಅಯ್ಯನವರು ಕೇಳಿದರು.

ಸಾಹುಕಾರನ ದನಿ ಸಣ್ಣಗಾಯಿತು. "ಇಂವನೇ ರಿ. ಕೆಳಗಿನ ಓಣ್ಯಾಂವ."

ಅಯ್ಯನವರು ಕಣ್ಣು ಮುಚ್ಚಿ ತೆರೆದರು. "ಇರ್ಲಿ. ರಂಧಾ ಹೊಡದ್ರ ಮ್ಯಾಲಿನ ಪದರ ಹೋಗ್ತದ. ಮುಟ್ಟಿದ ಮೈಲಿಗಿ ಅದರ ಜೋಡಿನೇ ಹೋತು. ಇನ್ನ ಮುಂದ ಮಾತ್ರ ಆ ಕೈ ತಾಗಬಾರದು. ಹಲಗಿಗೂ, ಮಷೀನಿಗೂ."

ಹತ್ತೊಂಬತ್ತು ವರ್ಷದ ಕೈ, ಎರಡು ದಾರದಷ್ಟು ದಪ್ಪದ ಮೈಲಿಗೆ! ಶಾಸ್ತ್ರಕ್ಕೂ ಅಳತೆಪಟ್ಟಿ ಇದೆ ಎಂದು ಧರ್ಮರಾಜನಿಗೆ ಗೊತ್ತಾದದ್ದು ಅಂದೇ.

ಗೋಮೂತ್ರ ಚಿಮುಕಿಸಿದರು. ಸುತ್ತ ರಂಗೋಲಿ ಬಿತ್ತು. ಬ್ಲೇಡುಗಳಿಗೆ ಕುಂಕುಮ ಹಚ್ಚಬೇಕಲ್ಲ, ಮೇಲಿನ ಮುಚ್ಚಳ ತೆರೆದೇ ಬಿಟ್ಟು ಚೆಂಡುಹೂವಿನ ಹಾರ ಇಳಿಬಿಟ್ಟರು. ಕಲ್ಯಾಣಕುಮಾರ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ.

"ಸಾವ್ಕಾರ್ರಿ, ಮೂರನೇ ಬ್ಲೇಡ್ ಬಿಗಿ ಆಗಿಲ್ರಿ. ಎರಡ ಮಿನಿಟ್ ಕೊಡ್ರಿ."

"ಕೇಳಿಸಲಿಲ್ಲೇನಲೇ, ಮುಟ್ಟಬ್ಯಾಡ ಅಂದದ್ದು? ಫ್ಯೂಜ್ ತಾ."

"ಬ್ಲೇಡ್ ಹಾರ್ತದ್ರಿ..."

"ತರ್ತೀಯೋ, ಎದಿ ಮ್ಯಾಲ ಒದೀಲ್ಯೋ?"

ರೂಢಿ ಎಂಬುದು ಕೆಟ್ಟದ್ದು. ಕೈ ತಾನಾಗಿಯೇ ಜೇಬಿಗೆ ಹೋಯಿತು. ಧರ್ಮರಾಜ ಫ್ಯೂಜನ್ನೂ ಪಾನಾವನ್ನೂ ನೆಲದ ಮೇಲಿಟ್ಟು ಹಿಂದೆ ಸರಿದ. ಕಲ್ಯಾಣಕುಮಾರ ಎರಡಕ್ಕೂ ನೀರು ಚಿಮುಕಿಸಿ, ಒರೆಸಿ ಎತ್ತಿಕೊಂಡ. ಒಂದು ಬೋಲ್ಟನ್ನು ಅರ್ಧ ಸುತ್ತು ತಿರುವಿದ. ಬಿಳಿ ಅಂಗಿಯ ತೋಳಿಗೆ ಗ್ರೀಸು ಹತ್ತಿತು.

"ಆತು ಬಿಡ್ರಿ ಅಪ್ಪಾ, ಗಟ್ಟಿ ಅದ." ಪಾನಾವನ್ನು ತಂದೆಯ ಕಾಲ ಬಳಿ ಬಿಸಾಕಿ ಫ್ಯೂಜು ಕೂರಿಸಿದ. ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು.

"ಭಾಗಮ್ಮಾ!" ಸಾಹುಕಾರ ಕೂಗಿದ. "ಬುಟ್ಟಿ ತಗೊಂಡು ಹಿಂದ ನಿಂದ್ರು. ಆ ಮೈಲಿಗಿ ಹೊಟ್ಟು ಒಂದ ಎಳಿನೂ ನೆಲಕ್ಕ ಬೀಳಬಾರದು."

ಭಾಗಮ್ಮ ಧರ್ಮರಾಜನ ಹೆಂಡತಿ. ಅಡ್ಡೆಯ ಹೊಟ್ಟು ತುಂಬುವುದು ಅವಳ ಕೆಲಸ. ಬುಟ್ಟಿಯನ್ನು ಎದೆಗೆ ಆನಿಸಿಕೊಂಡು ಮಷೀನಿನ ಹಿಂದಿನ ಬಾಯಿಗೆ ಎದುರಾಗಿ ನಿಂತಳು.

ಧರ್ಮರಾಜ ಅವಳು ನಿಂತ ಜಾಗ ನೋಡಿದ. ಸಡಿಲು ಬ್ಲೇಡು ಹಾರುವುದು ಹೊಟ್ಟು ಹಾರುವ ದಾರಿಯಲ್ಲೇ. ಕಳೆದ ವರ್ಷ ಒಂದು ತುಂಡು ಹಿಂದಿನ ಗೋಡೆಯಲ್ಲಿ ನಾಲ್ಕು ಬೆರಳು ಆಳ ಇಳಿದಿತ್ತು.

"ಭಾಗೀ, ಸರಿ ಬೇ ಅಲ್ಲಿಂದ!"

"ನಿಂದ್ರು ಅಲ್ಲೇ," ಸಾಹುಕಾರ ತಿರುಗಿಯೂ ನೋಡಲಿಲ್ಲ. "ಸರದ್ರ ನಾಳಿಂದ ಇಬ್ಬರೂ ಈ ಕಡೆ ಮಾರಿ ಹಾಕಬ್ಯಾಡ್ರಿ."

ಭಾಗಮ್ಮ ಗಂಡನನ್ನು ನೋಡಿದಳು, ಸಾಹುಕಾರನನ್ನು ನೋಡಿದಳು, ಕದಲಲಿಲ್ಲ. ಅಯ್ಯನವರು ಮಂತ್ರ ಶುರು ಮಾಡಿದರು. ಸಾಹುಕಾರನ ಬೆರಳು ಹಸಿರು ಬಟನ್ನಿನ ಮೇಲೆ ಹೋಗಿ ಕೂತಿತು.

ಧರ್ಮರಾಜ ರಂಗೋಲಿ ತುಳಿದು ಬಂದ. ಹಾರವನ್ನು ಸರಿಸಿ, ಮೂರು ಬೆರಳಿನ ಎಡಗೈಯನ್ನು ತೆರೆದ ಮುಚ್ಚಳದೊಳಗೆ ಇಳಿಸಿ, ಕುಂಕುಮ ಹಚ್ಚಿದ ಬ್ಲೇಡುಗಳ ಮೇಲೆ ಅಂಗೈ ಒತ್ತಿ ಇಟ್ಟ.

"ಮುಟ್ಟೀನ್ರಿ," ಅಂದ. "ಈಗ ಒತ್ರಿ."

ಮಂತ್ರ ನಿಂತಿತು.

"ಕೈ ತಗೀಲೇ ಹಲ್ಕಟ್!"

"ಪಾನಾ ಕೊಡ್ರಿ, ತಗೀತೇನಿ."

ಪಾನಾ ಸಾಹುಕಾರನ ಕಾಲ ಬಳಿಯೇ ಬಿದ್ದಿತ್ತು, ಬಗ್ಗಿದರೆ ಸಿಗುವಷ್ಟು ಹತ್ತಿರ. ಸಾಹುಕಾರ ಬಗ್ಗಲಿಲ್ಲ.

ಭಾಗಮ್ಮ ಬುಟ್ಟಿಯನ್ನು ನೆಲಕ್ಕಿಟ್ಟಳು. ಸುತ್ತು ಹಾಕಿ ಬಂದು, ಉಳಿದ ರಂಗೋಲಿಯನ್ನೂ ತುಳಿದು, ಗಂಡನ ಕೈಯ ಪಕ್ಕದಲ್ಲಿ ತನ್ನದನ್ನೂ ಇಟ್ಟಳು.

"ಅವನ ಕೈಯಾಗ ಮೂರೇ ಬೆರಳ ಉಳದಾವ್ರಿ ಸಾವ್ಕಾರ್ರಿ," ಅಂದಳು. "ನಂದು ಪೂರಾ ಅದ, ನೋಡ್ರಿ."

ಅಯ್ಯನವರು ಗಡಿಯಾರ ನೋಡಿಕೊಂಡರು. "ಮುಹೂರ್ತ ಮೀರಾಕತ್ತದ, ಬಸವಂತರಾಯ."

ಕಲ್ಯಾಣಕುಮಾರ ತಂದೆಯ ಮುಖ ನೋಡಿದ. ವಿಡಿಯೋ ಬಂದ್ ಮಾಡಿ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಯಾರೂ ಹೇಳದೆಯೇ ಹೋಗಿ ಅಡ್ಡೆಯ ಬಾಗಿಲು ಎಳೆದು ಮುಚ್ಚಿದ. ಒಳಗೆ ಕೆಂಪು ದೀಪದ ಬೆಳಕಷ್ಟೇ ಢಾಳಾಗಿ ಕಂಡಿತು.

"ಕಲ್ಯಾಣಾ," ಸಾಹುಕಾರ ಮೆಲ್ಲಗೆ ಕರೆದ, "ಕಾರಿನಾಗ ಕುಂಬಳಕಾಯಿ ಅದ ಏನ್ ನೋಡು."

ಅವನ ಬೆರಳು ಇನ್ನೂ ಹಸಿರು ಬಟನ್ನಿನ ಮೇಲೆಯೇ ಇತ್ತು.