ಅಜ್ಜಾರ ಸಾರಿಗೆ ಉಪ್ಪು

ಕೊಟ್ಟೂರಿನಲ್ಲಿ ನಮ್ಮದು ಕಿರಾಣಿ ಅಂಗಡಿ. ದಿನವಿಡೀ ಮಾತಾಡದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಅಂಥವಳು ನಮ್ಮ ಗುರುಗಳಾದ ಮಠದ ಅಜ್ಜಾರು ಮತ್ತು ಭಕ್ತರ ಜೊತೆ ಗೋಕರ್ಣದ ಹತ್ತಿರ ಕಡಲ ದಂಡೆಯಲ್ಲಿ ಮೂರು ದಿನ ಮೌನ ಹಿಡಿಯಲು ಹೊರಟಾಗ ನನ್ನ ಗಂಡ ಶಿವಯೋಗಪ್ಪ ನಕ್ಕರು.

“ಕಲ್ಯಾಣಿ, ಕಡಲು ಬತ್ತಿದ್ರೂ ನಿನ್ನ ಬಾಯಿ ನಿಲ್ಲಂಗಿಲ್ಲ ಬಿಡು,” ಎಂದರು.

ಟೆಂಪೊ ಹತ್ತಿ ನೋಡುತ್ತೇನೆ, ಮುಂದಿನ ಸೀಟಿನಲ್ಲಿ ಗೀತಾಂಜಲಿ! ನನ್ನ ಮೈದುನನ ಹೆಂಡತಿ. ಮನೆ ಪಾಲಾದಾಗ ಅತ್ತೆಯ ಒರಳುಕಲ್ಲು ಯಾರಿಗೆ ಎಂದು ಜಗಳವಾಗಿ ನಾವು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಇಬ್ಬರ ಮನೆಯಲ್ಲೂ ಮಿಕ್ಸಿ ಇದೆ. ಒರಳು ಯಾರ ಪಾಲಿಗೂ ಸೇರದೆ ಅಂಗಳದಲ್ಲಿ ಬಿದ್ದಿದೆ. ಆದರೂ ಮೊದಲು ಮಾತಾಡಿದವಳು ಸೋತಂತೆ. ನಿಜ ಹೇಳಬೇಕೆಂದರೆ, ಅವಳ ಮಾತಿಲ್ಲದೆ ನನಗೆ ಮನೆಯೇ ಬಣಬಣ ಅನ್ನಿಸುತ್ತಿತ್ತು. ಮದುವೆಯಾಗಿ ಬಂದಾಗ ಅವಳಿಗೆ ರೊಟ್ಟಿ ಬಡಿಯಲು ಕಲಿಸಿದವಳು ನಾನೇ. ಆದರೆ ಬಾಗುವ ಕುತ್ತಿಗೆ ನನ್ನದಲ್ಲ, ಅವಳದೂ ಅಲ್ಲ.

ಕಡಲು ಮುಟ್ಟಿದ ಮೇಲೆ ಅಜ್ಜಾರು ನಮ್ಮಿಬ್ಬರನ್ನೂ ಕರೆದರು.

“ಒಂದ ಮನಿ ಸೊಸೆಂದ್ರು ಅದೀರಿ, ಅಡಿಗಿ ನಿಮ್ದು. ಇನ್ನು ಯಾರೂ ತುಟಿ ಬಿಚ್ಚಬ್ಯಾಡ್ರಿ.”

ಹೀಗೆಂದು ಅವರು ನೀರಿನ ಕಡೆ ಮುಖ ಮಾಡಿ ಕೂತುಬಿಟ್ಟರು. ನಮಗೆ ಹೊಳೆ ಗೊತ್ತು, ಕೆರೆ ಗೊತ್ತು. ಆಚೆ ದಂಡೆಯೇ ಇಲ್ಲದ ನೀರು ನೋಡಿ ಎಲ್ಲರೂ ತಾವಾಗಿಯೇ ಸುಮ್ಮನಾದರು. ಅಜ್ಜಾರ ಹಿಂದೆ ಮರಳಿನ ಮೇಲೆ ಕೂತಾಗ ನನಗೂ ಹಾಯೆನಿಸಿತು.

ತೊಂದರೆ ಆದದ್ದು ಸಾರಿನಲ್ಲಿ. ಅಜ್ಜಾರು ಲಿಂಗಕ್ಕೆ ಎಡೆ ಮಾಡುವ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ. ಗೀತಾಂಜಲಿ ಮರೆತಾಳು ಎಂದು ನಾನು ಉಪ್ಪು ಹಾಕಿದೆ. ನಾನು ಮರೆತೇನು ಎಂದು ಅವಳೂ ಹಾಕಿದ್ದಳು. ಉಪ್ಪಿಗಿಂತ ರುಚಿ ಬೇರಿಲ್ಲ ಎಂದವರು ಆ ಸಾರು ಉಂಡಿಲ್ಲ. ಅಜ್ಜಾರು ಮಾತ್ರ ತಟ್ಟೆ ಬಳಿದು ಉಂಡು, ಚೊಂಬಿನ ನೀರನ್ನು ಗಟಗಟ ಕುಡಿದರು.

ಮರುದಿನ ನಾನು ಉಪ್ಪಿನ ಡಬ್ಬಿ ಮುಟ್ಟಲಿಲ್ಲ. ಅವಳೂ ಮುಟ್ಟಲಿಲ್ಲ. ನಮ್ಮ ಜೊತೆ ಬಂದಿದ್ದ ಬಸವೇಶ್ ಮೇಷ್ಟ್ರು ಸಪ್ಪೆ ಸಾರಿನ ತಟ್ಟೆ ಹಿಡಿದು ಕಡಲನ್ನು ಆಸೆಯಿಂದ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ನೋಡಿದರೆ ಗೀತಾಂಜಲಿಯ ಭುಜವೂ ಕುಣಿಯುತ್ತಿತ್ತು. ಕಣ್ಣಿಗೆ ಕಣ್ಣು ಸೇರುವಷ್ಟರಲ್ಲಿ ಇಬ್ಬರೂ ಮುಖ ತಿರುಗಿಸಿಕೊಂಡೆವು.

ಮೂರನೆಯ ದಿನ ನಾವು ಇಳಿದುಕೊಂಡಿದ್ದ ಛತ್ರದ ಅಡುಗೆಮನೆಯಲ್ಲಿ ಸಾರು ಕುದಿಯುತ್ತಿತ್ತು. ಕೈಸನ್ನೆ ಮಾಡಿ ಕೇಳಬಹುದಿತ್ತು. ಸನ್ನೆ ಮಾಡಲು ಮುಖ ನೋಡಬೇಕಲ್ಲ. ಹೊರಗೆ ಅಜ್ಜಾರು ಎಡೆಗಾಗಿ ಕಾಯುತ್ತಿದ್ದರು. ಆ ಹಿರಿಯ ಜೀವ ಇವತ್ತೂ ನಮ್ಮ ಹಟವನ್ನು ನುಂಗಬೇಕೇ ಎಂದು ನನಗೆ ಸಂಕಟವಾಯಿತು. ಮೌನ ಮುರಿದರೆ ವ್ರತ ಕೆಟ್ಟಿತು, ಮುರಿಯದಿದ್ದರೆ ಸಾರು ಕೆಟ್ಟಿತು.

“ಗೀತಾ, ಉಪ್ಪು ಹಾಕೀಯೇನ್ಲೇ?”

ಅವಳ ಕೈಯಲ್ಲಿದ್ದ ಸೌಟು ನಿಂತಿತು.

“ಹಾಕಿಲ್ಲಕ್ಕ,” ಎಂದಳು. ಆಮೇಲೆ ಮೂಗು ಒರೆಸಿಕೊಂಡು, “ನಿನ್ನ ಕೈಲೇ ಹಾಕು,” ಎಂದಳು.

ಅಕ್ಕ ಎಂದಳು! ಡಬ್ಬಿ ತೆಗೆಯಲು ಹೋದರೆ ಕಣ್ಣು ಮಂಜಾಗಿ ಮುಚ್ಚಳವೇ ಸಿಗಲಿಲ್ಲ. ಅವಳೇ ತೆಗೆದುಕೊಟ್ಟಳು. ಒರಳು ನಿನ್ನ ಹತ್ರ ಇರಲಿ ಎಂದು ನಾನು, ಬ್ಯಾಡ ನಿನ್ನ ಹತ್ರ ಇರಲಿ ಎಂದು ಅವಳು, ಅಲ್ಲೂ ಒಂದು ಸಣ್ಣ ಜಗಳವಾಯಿತು.

ತಲೆಯೆತ್ತಿದರೆ ಬಾಗಿಲಲ್ಲಿ ಅಜ್ಜಾರು. ಇಬ್ಬರೂ ಹೋಗಿ ಅವರ ಪಾದಕ್ಕೆ ಬಿದ್ದೆವು. ಅಜ್ಜಾರು ಬಾಯಿ ತೆರೆಯಲಿಲ್ಲ. ಗಡ್ಡ ಅಲುಗುವಂತೆ ನಗುತ್ತ ಕಿವಿಯ ಹಿಂದೆ ಅಂಗೈ ಇಟ್ಟು, ಇನ್ನೂ ಮಾತಾಡಿ ಎಂದು ಸನ್ನೆ ಮಾಡಿದರು.

ಆ ದಿನ ಕಡಲ ದಂಡೆಯಲ್ಲಿ ಎಲ್ಲರೂ ಮೌನವಾಗಿ ಕೂತಿದ್ದರು. ನಾವಿಬ್ಬರು ಮಾತ್ರ ಗುರುವಿನ ಅಪ್ಪಣೆಯಂತೆ ಹೊತ್ತು ಮುಳುಗುವವರೆಗೆ ಮಾತಾಡಿದೆವು.