ಹಣೆಗೇರಿದ ಕಣ್ಣು

ಗೋಡೆಗೆ ಬಣ್ಣ ಹೊಡೆಯುವವನಿಗೆ ಸಮುದ್ರದಲ್ಲೇನು ಕೆಲಸ? ಏನೂ ಇಲ್ಲ. ಆದರೂ ಆ ಶನಿವಾರ ಬೆಳಿಗ್ಗೆ ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ಗೆಳೆಯ ಅಂಗುಲ ಮತ್ತು ಅವನ ಹೆಂಡತಿ ಒಂದೇ ಕಾರಿನಲ್ಲಿ ತುರುಕಿಕೊಂಡು ತಿಮಿಂಗಿಲ ನೋಡಲು ಹೊರಟೆವು. ಅಂಗುಲನಿಗೆ ಆ ಹೆಸರು ಬಿದ್ದದ್ದು ಜೇಬಿನಲ್ಲಿ ಸದಾ ಇರುವ ಅಳತೆ ಟೇಪಿನಿಂದ. ಅವನು ಅಳೆದು ಗೆರೆ ಹಾಕುತ್ತಾನೆ, ನಾನು ಬಣ್ಣ ತುಂಬುತ್ತೇನೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ.

ಬೀಚಿನ ಆಸೆ ಎಲ್ಲರದು, ತಿಮಿಂಗಿಲದ ಹಟ ಮಗಳದು. ಸೋಮವಾರ ಅವಳಿಗೆ ಟಾನ್ಸಿಲ್ ಆಪರೇಷನ್. "ತಿಮಿಂಗಿಲದ ವಾರ್ಡೇ ಆದ್ರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ" ಎಂದು ಡಾಕ್ಟರಿಗೇ ಷರತ್ತು ಹಾಕಿದ್ದಳು. ಆ ಮಕ್ಕಳ ವಾರ್ಡಿನ ಗೋಡೆಯ ತಿಮಿಂಗಿಲವನ್ನು ಆರು ವರ್ಷದ ಹಿಂದೆ ಬರೆದವರು ನಾವೇ. ಕಣ್ಣು ಬರಬೇಕಾದ ಕಡೆ ಒಂದು ಸ್ವಿಚ್‌ಬೋರ್ಡ್ ಇತ್ತು. ಅಂಗುಲ ಅಳೆದೂ ಅಳೆದೂ ಸಾಕಾಗಿ, "ಕಣ್ಣು ಮೇಲಕ್ಕೆ ಹಾಕ್ಬಿಡೋ. ತಿಮಿಂಗಿಲ ಬಂದು ಕಂಪ್ಲೇಂಟ್ ಕೊಡುತ್ತಾ?" ಎಂದ. ನಾನು ಹಣೆಯ ಮೇಲೆ ಹಾಕಿದೆ.

ಐದು ವರ್ಷದವಳಿದ್ದಾಗ ಮಗಳು ಜ್ವರ ಬಂದು ಅದೇ ವಾರ್ಡಿನಲ್ಲಿ ಹನ್ನೊಂದು ದಿನ ಮಲಗಿದ್ದಳು. ಸೂಜಿ ಕಂಡರೆ ಕಟ್ಟಡ ಹಾರಿಹೋಗುವ ಹಾಗೆ ಕಿರುಚುತ್ತಿದ್ದಳು. ಆಗ ನಾನು ನಾಲಿಗೆ ಹರಿಬಿಟ್ಟೆ. ಚಿಕ್ಕಂದಿನಲ್ಲಿ ದೋಣಿಯಲ್ಲಿ ಹೋದಾಗ ಈ ತಿಮಿಂಗಿಲವನ್ನು ಕಣ್ಣಾರೆ ಕಂಡಿದ್ದೆ, ಹಣೆಯ ಮೇಲಿನ ಈ ಕಣ್ಣಿನಿಂದಲೇ ಅದು ನನ್ನನ್ನು ನೋಡಿತ್ತು, ಹೆದರುವ ಮಕ್ಕಳನ್ನು ಕಾಯುವುದೇ ಅದರ ಕೆಲಸ ಎಂದೆಲ್ಲ ಹೇಳಿದೆ. ಅವಳು ಅಳು ನುಂಗಿಕೊಂಡು ಸೂಜಿಗೆ ಕೈ ಚಾಚಿದಳು. ಅಂದಿನಿಂದ ಆ ಸುಳ್ಳೂ ಅವಳ ಜೊತೆಗೇ ಬೆಳೆಯಿತು. ಶಾಲೆಯಲ್ಲಿ ಅದರ ಮೇಲೆ ಪ್ರಬಂಧವನ್ನೂ ಬರೆದಳು. "ಒಂದಿನ ಸಿಕ್ಕಿಬೀಳ್ತೀರಿ ನೋಡಿ" ಎಂದು ಹೆಂಡತಿ ಅಂದಾಗಲೆಲ್ಲ ನಾನು ರೇಗಿದ್ದೇನೆ. ನನಗೆ ಕೋಪ ಮೂಗಿನ ತುದಿಯಲ್ಲಿ, ಅದರಲ್ಲೂ ತಪ್ಪು ನನ್ನದೇ ಆಗಿದ್ದಾಗ.

ಬೀಚಿನಲ್ಲಿ ಅರ್ಧ ಬ್ರೆಡ್ಡು ಅರ್ಧ ಮರಳು ತಿಂದೆವು. ಮಗಳು ಕಟ್ಟಿದ ಮರಳಿನ ಗೋಡೆಗೂ ಅಂಗುಲ ಟೇಪು ಹಿಡಿದು, ಒಂದು ಕಡೆ ಓರೆಯಾಗಿದೆ ಎಂದು ತೀರ್ಪು ಕೊಟ್ಟ. ಹನ್ನೊಂದಕ್ಕೆ ದೋಣಿ ಹೊರಟಿತು.

ವಿವರ ಹೇಳುವ ಹೆಂಗಸು ಮೈಕ್ ಹಿಡಿದು, "ಇದಕ್ಕೆ ಮುಂಚೆ ಯಾರಾದ್ರೂ ತಿಮಿಂಗಿಲ ನೋಡಿದೀರಾ?" ಎಂದು ಕೇಳಿದಳು. ಮಗಳು ನನ್ನ ಕೈಯನ್ನೇ ಹಿಡಿದು ಮೇಲೆತ್ತಿದಳು.

"ನಮ್ಮಪ್ಪ ನೋಡಿದಾರೆ! ಹಣೆ ಮೇಲಿರೋ ಕಣ್ಣಿಂದ ಅದು ಅಪ್ಪನ್ನೇ ನೋಡ್ತಂತೆ!"

ಆಕೆ ಏನೋ ಹೇಳಹೊರಟವಳು ನನ್ನ ಮುಖ ನೋಡಿ ಮೈಕ್ ಕೆಳಗಿಳಿಸಿದಳು. ಅಂಗುಲ ಸಮುದ್ರದ ಕಡೆ ತಿರುಗಿಕೊಂಡ, ಅವನ ಹೆಗಲು ಕುಲುಕುತ್ತಿತ್ತು. ಟೇಪಿನ ಸಮೇತ ಅವನನ್ನು ನೀರಿಗೆ ನೂಕಿಬಿಡುವಷ್ಟು ಸಿಟ್ಟು ಬಂತು. ಇವತ್ತೊಂದು ದಿನ ತಿಮಿಂಗಿಲಗಳು ರಜೆ ಹಾಕಲಿ ಎಂದು ಬೇಡಿಕೊಂಡೆ. ಸೋಮವಾರ ಅವಳಿಗೆ ನನ್ನ ಮಾತಿನ ಮೇಲೆ ನಂಬಿಕೆ ಬೇಕಿತ್ತು. ಅದು ಇಲ್ಲೇ ಮುಳುಗಿದರೆ ಎಂದು ನನಗೆ ನಿಜಕ್ಕೂ ಭಯವಾಯಿತು.

ರಜೆ ಹಾಕಲಿಲ್ಲ. ಒಂದು ಗಂಟೆ ಕಾದ ಮೇಲೆ ದೋಣಿಯ ಪಕ್ಕದಲ್ಲೇ ನೀರು ಉಬ್ಬಿ, ಭಾರಿ ತಲೆಯೊಂದು ನೆಟ್ಟಗೆ ಎದ್ದು ನಿಂತಿತು.

"ಕಣ್ಣು ನೋಡಿ, ಬಾಯಿ ಮೂಲೇಲಿ!" ಎಂದು ಮೈಕಿನ ಹೆಂಗಸು ಕೂಗಿದಳು.

ಕಣ್ಣು ಅಲ್ಲೇ ಇತ್ತು, ಸರಿಯಾಗಿ ನಮ್ಮ ಸ್ವಿಚ್‌ಬೋರ್ಡಿನ ಜಾಗದಲ್ಲಿ. ಹಣೆ ಖಾಲಿ. ಮಗಳು ಕಣ್ಣನ್ನು ನೋಡಿದಳು, ಹಣೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ.

ತಿಮಿಂಗಿಲ ಮುಳುಗಿದ ಮೇಲೆ ಅಂಗುಲನ ಹೆಂಡತಿ, ಪಾಪ ಏನೂ ಗೊತ್ತಿಲ್ಲದವಳು, "ನಿಮ್ಮಪ್ಪ ನೋಡಿದ್ದೂ ಇಂಥದ್ದೇನಾ ಪುಟ್ಟಿ?" ಎಂದಳು.

ಮಗಳು ನೀರಿನ ಕಡೆಯೇ ನೋಡುತ್ತ ಹೇಳಿದಳು, "ಅದು ಬೇರೆ ಜಾತಿ ಆಂಟಿ."

ಒಂಬತ್ತು ವರ್ಷದ ಹುಡುಗಿ ನನ್ನ ಮಾನ ಕಾಪಾಡಿದ್ದಳು. ಅಷ್ಟು ಚಿಕ್ಕವನಾಗಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ದಡಕ್ಕೆ ಬಂದು ನಲ್ಲಿಯ ಹತ್ತಿರ ಅವಳ ಕಾಲಿನ ಮರಳು ತೊಳೆಯುತ್ತಿದ್ದೆ.

"ನೀನು ನೋಡೇ ಇರ್ಲಿಲ್ಲ ಅಲ್ವಾ ಅಪ್ಪ?"

"ಇಲ್ಲ ಪುಟ್ಟಿ."

"ಮತ್ಯಾಕೆ ಹಾಗಂದೆ?"

"ನಿಂಗೆ ತುಂಬಾ ಭಯ ಆಗಿತ್ತು. ನಂಗೆ ನಿನಗಿಂತ ಜಾಸ್ತಿ ಆಗಿತ್ತು."

ಅವಳು ಇನ್ನೊಂದು ಕಾಲನ್ನು ನಲ್ಲಿಯ ಕೆಳಗಿಟ್ಟಳು. ದಾರಿಯುದ್ದಕ್ಕೂ ಕಾರಿನಲ್ಲಿ ಮಾತಾಡಲಿಲ್ಲ. ಭಾನುವಾರವೂ ಮಾತು ಅಷ್ಟಕ್ಕಷ್ಟೇ. ಆಸ್ಪತ್ರೆಗೆ ಬರುತ್ತಾಳೋ ಇಲ್ಲವೋ ಎಂದು ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು.

ಸೋಮವಾರ ಅವಳೇ ಮೊದಲು ಚಪ್ಪಲಿ ಮೆಟ್ಟಿಕೊಂಡಳು. ವಾರ್ಡಿನಲ್ಲಿ ಗೋಡೆಯ ಪಕ್ಕದ ಹಾಸಿಗೆಯನ್ನೇ ಆರಿಸಿಕೊಂಡು ಕೂತಳು. ಹೊಸ ಸಿಸ್ಟರ್ ಒಬ್ಬಳು ಸೂಜಿ ಸಿದ್ಧಮಾಡುತ್ತ, "ಈ ತಿಮಿಂಗಿಲದ ಕಣ್ಣು ಯಾಕಮ್ಮ ಹಣೆ ಮೇಲಿದೆ?" ಎಂದಳು.

"ಇದನ್ನ ಬರೆದಾಗ ನಮ್ಮಪ್ಪ ತಿಮಿಂಗಿಲ ನೋಡಿರ್ಲಿಲ್ಲ ಸಿಸ್ಟರ್" ಎಂದಳು ಮಗಳು. "ಈಗ ನೋಡಿದಾರೆ. ನನ್ ಜೊತೇಲಿ."

ಹೇಳಿ, ಒಂದು ಕೈಯನ್ನು ಸೂಜಿಗೆ ಕೊಟ್ಟಳು. ಇನ್ನೊಂದನ್ನು ನನಗೆ ಕೊಟ್ಟಳು.