ಗೂಡಿನ ತಲೆಗೆ ಕಟ್ಟಿದ ಉಸಿರು

ಸುಂಯ್ ಎಂದು ಸಣ್ಣ ಸಿಳ್ಳೆ, ಪಕ್ಕದಲ್ಲಿ ಮಲಗಿದ ಗಂಡನ ಮೂಗಿನದೇ, ಇವರು ಹೊರಬಿಡುವ ಗಾಳಿಯಲ್ಲೂ ಅದೇ ಇದೆ ಎಂದುಕೊಂಡಳು ಅವಳು, ಎಲ್ಲವೂ ಬಿಡುತ್ತವೆ, ಕೊಳೆಯುವ ಎಲೆ, ಮಣ್ಣು, ಕಡಲು, ತೊಟ್ಟಿಲ ಕೂಸು, ಅದನ್ನು ಯಾರೂ ತಪ್ಪೆನ್ನುವುದಿಲ್ಲ, ತಪ್ಪು ಸುಟ್ಟವರದ್ದು — ಗುಡ್ಡದ ಮೇಲಿನ ಕೋಣೆಯಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯುವುದು ಅವಳ ಕೆಲಸ, ಮಾಡಿನಿಂದಾಚೆ ಚಾಚಿದ ಕೊಳವೆ ಹೀರುತ್ತದೆ, ಯಂತ್ರ ಗೆರೆ ಎಳೆಯುತ್ತದೆ, ಕೊಳವೆಯ ಹತ್ತಿರ ಉಸಿರೂ ಬಿಡಬೇಡಿ ಎಂದು ಹೊಸಬರನ್ನು ಗದರುವವಳೂ ಅವಳೇ, ಮೊನ್ನೆ ರಾತ್ರಿಯ ಚಳಿಯಲ್ಲಿ ಕೊಳವೆಯ ಬಾಯಿಗೆ ಮಂಜು ಕಟ್ಟಿತ್ತು, ಒಳಗೆಳೆದು ಒಲೆಯ ಪಕ್ಕ ಇಟ್ಟಳು, ಕರಗಲಿ, ಒಂದೇ ಗಳಿಗೆ, ಕಣ್ಣು ಹತ್ತಿತು, ಬೆಳಗಿನವರೆಗೂ ಅದು ಅವಳ ಉಸಿರನ್ನೂ ಇದ್ದಿಲ ಹೊಗೆಯನ್ನೂ ಕುಡಿಯಿತು, ಗಡಬಡಿಸಿ ಹೊರಗೆ ಹಾಕುವಷ್ಟರಲ್ಲಿ ಮೇಲಧಿಕಾರಿ ಬಂದು ಗೆರೆ ನೋಡಿಯೇ ಬಿಟ್ಟಿದ್ದರು, ನೋಡಮ್ಮ, ಇದು ಕಾಡಿನ ಉಸಿರಲ್ಲ, ಕಾಡು ಹಿಂಗೆ ಒಂದೇ ಸಲ ಎಗರಲ್ಲ, ಕೆಳಗಿನ ಸುಣ್ಣದ ಗೂಡೇ, ರಾತ್ರಿ ಉರಿಸಬೇಡ ಅಂದ್ರೂ ಕದ್ದು ಉರಿಸ್ತಾನೆ, ನಾನು ಹೇಳಿರ್ಲಿಲ್ವಾ, ಅವಳು ಹೂಂ ಅಂದಳು, ಬಾಯಿ ತೆರೆಯದೆ ಆಡಬಹುದಾದ ಸುಳ್ಳು ಅದೊಂದೇ — ಗೂಡಿಗೆ ಬೀಗ ಬಿತ್ತು, ನಾಳೆ ಒಡೆಯುತ್ತಾರೆ, ಸಂಜೆ ಇಳಿದು ಬರುವಾಗ ಗೂಡಿನವನು ತಣ್ಣಗಾದ ಇಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಂತಿದ್ದ, ಮಗುವಿಗೆ ಜ್ವರ ಬಂತೇನೋ ಎಂದು ಹಣೆ ಮುಟ್ಟಿ ನೋಡುವವನ ಹಾಗೆ, ನೀವೇ ಹೇಳಿ ಮೇಡಮ್, ಹೊತ್ತಿಸಿದ್ರೆ ಊರಿಗೆಲ್ಲ ಕಾಣೋ ಹೊಗೆ, ಅದನ್ನ ಜೇಬಲ್ಲಿ ಮುಚ್ಚಿಟ್ಕೊಂಡಿದ್ನಾ, ಹಿಂದಿನಿಂದ ಅವನ ಹೆಂಡತಿ, ಅವತ್ತು ರಾತ್ರಿ ಸೊಂಟ ಹಿಡಿದು ಮಗ್ಗುಲು ಹೊರಳೋಕೂ ಆಗದೆ ಬಿದ್ದಿದ್ರು ಅಕ್ಕ, ನಾನೇ ಎತ್ತಿ ಕೂರಿಸಿದ್ದು, ಗೂಡು ಉರಿಸಿದ್ರಂತೆ ಗೂಡು, ನಮ್ಮ ಮಾತು ನಂಬೋರು ಯಾರಾದ್ರೂ ಇದ್ದಾರಾ, ಇದ್ದಾಳೆ, ಒಬ್ಬಳು ಇದ್ದಾಳೆ, ಚಪ್ಪಲಿಯ ಉಂಗುಷ್ಠ ನೋಡುತ್ತಾ ನಿಂತಿದ್ದಾಳೆ — ಆದರೆ ಹಗಲಲ್ಲಿ ಉರಿಸಿದ್ದು ಸುಳ್ಳಲ್ಲವಲ್ಲ, ಸುಟ್ಟರೆ ಕಲ್ಲೂ ಬಿಡುತ್ತದೆ, ಸೌದೆಯೂ ಬಿಡುತ್ತದೆ, ಇಂದಲ್ಲ ನಾಳೆ ಮುಚ್ಚುತ್ತಿದ್ದರು, ಛೀ, ತಪ್ಪಿಗೂ ವಿಜ್ಞಾನದ ಅಂಗಿ ತೊಡಿಸುತ್ತೀಯಲ್ಲ, ಬೆಳಗ್ಗೆ ಒಂದು ಮಾತು ಹೇಳಿದರೆ ಸಾಕು, ಅವನ ಗೂಡು ಉಳಿಯುತ್ತದೆ, ಹೇಳಿದರೆ ಇಷ್ಟು ವರ್ಷ ಎಳೆದ ಗೆರೆಗಳನ್ನೆಲ್ಲ ಕೆದಕುತ್ತಾರೆ, ಯಾವುದು ಗಾಳಿಯದು, ಯಾವುದು ನಿನ್ನದು — ಸಿಳ್ಳೆ ನಿಂತಿತು, ನಿದ್ದೆ ಬರ್ಲಿಲ್ವೇನೇ, ಏನಾಯ್ತು, ಏನಿಲ್ಲ, ನೀವು ಮಲ್ಕೊಳ್ಳಿ, ಗೋಡೆಯ ಕಡೆ ಹೊರಳಿದಳು, ಹೇಳುವುದಿಲ್ಲ, ಯಾರಿಗೂ, ಇವರಿಗೂ, ಉಸಿರು ಬಿಗಿಹಿಡಿದಳು, ಕಣ್ಣು ಮುಚ್ಚಿದರೆ ಆ ಅಂಗೈ, ಸುಣ್ಣ ಮೆತ್ತಿದ ಅಂಗೈ, ಸುಡಬೇಕಾದ ಇಟ್ಟಿಗೆಯ ಮೇಲೆ, ಸುಡದೆ